ಸಿಇಟಿ ಇಲ್ಲದ ಕಾಲೇಜು: ಕ್ಯುಪರ್ಟಿನೊದ ಡಿ ಆಂಜಾ

ಅಮೆರಿಕದಲ್ಲಿರುವ ನಮ್ಮವರ ಮನೆಗಳಲ್ಲಿ ಯಾರದಾದರೂ ಮಗ ಡಿ ಆಂಜಾ ಕಾಲೇಜಿಗೆ ಸೇರಿದ ಅಂತ ಸುದ್ದಿ ಬಂದರೆ ಸಾಕು, ದನಿ ತಗ್ಗುತ್ತದೆ. "ಯಾಕ್ರೀ, ಬೇರೆ ಎಲ್ಲೂ ಸೀಟ್ ಸಿಗ್ಲಿಲ್ವಾ?" ಅಂತ ಕೇಳುತ್ತಾರೆ. ಹಾಗೆ ಕೇಳಿದವರ ಹೆಂಡತಿಯೇ ಅದೇ ಕಾಲೇಜಿನಲ್ಲಿ ಸಂಜೆ ಹೊತ್ತು ಅಕೌಂಟಿಂಗ್ ಓದುತ್ತಿರುತ್ತಾರೆ ಅನ್ನೋದು ಬೇರೆ ಮಾತು.

ಸಿಲಿಕಾನ್ ಕಣಿವೆಯ ಕ್ಯುಪರ್ಟಿನೊ ಊರಿನ ಈ ಡಿ ಆಂಜಾ ಒಂದು ಕಮ್ಯೂನಿಟಿ ಕಾಲೇಜು. ಊರಲ್ಲಿರುವ ನಿಮಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕ್ಯಾಲಿಫೋರ್ನಿಯಾದಲ್ಲಿ 18 ವರ್ಷ ದಾಟಿದವರು, ಇಲ್ಲವೇ ಹೈಸ್ಕೂಲು ಮುಗಿಸಿದವರು ಯಾರು ಬೇಕಾದರೂ ಇಂಥ ಕಾಲೇಜಿಗೆ ಸೇರಬಹುದು. ಸಿಇಟಿ ಇಲ್ಲ, ಕಟಾಫ್ ಇಲ್ಲ, ಡೊನೇಶನ್ ಅಂತೂ ಇಲ್ಲವೇ ಇಲ್ಲ. ಎರಡು ವರ್ಷ ಇಲ್ಲಿ ಓದಿ, ಮೂರನೇ ವರ್ಷಕ್ಕೆ ನೇರವಾಗಿ ದೊಡ್ಡ ಯೂನಿವರ್ಸಿಟಿಗೆ ಹೋಗಬಹುದು. ಅಥವಾ ಒಂದು ಕೆಲಸ ಕಲಿತು ಹೊರಗೆ ಬರಬಹುದು. ಸುಮ್ನೆ ಒಂದು ಕ್ಲಾಸು ತಗೊಂಡು ಮನೆಗೆ ಹೋದರೂ ಯಾರೂ ಕೇಳುವುದಿಲ್ಲ.

ಇದಕ್ಕೆ ಗಟ್ಟಿ ಚೌಕಟ್ಟು ಬಂದದ್ದು 1960ರಲ್ಲಿ. ಆ ವರ್ಷ ರಾಜ್ಯ ಸರ್ಕಾರ ಉನ್ನತ ಶಿಕ್ಷಣಕ್ಕೆ ಒಂದು ಮಾಸ್ಟರ್ ಪ್ಲಾನ್ ಒಪ್ಪಿಕೊಂಡಿತು. ಮೇಲಿನ ಎಂಟನೇ ಒಂದು ಭಾಗದ ವಿದ್ಯಾರ್ಥಿಗಳಿಗೆ ಬರ್ಕ್ಲಿಯಂಥ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕ್ಯಾಂಪಸ್‌ಗಳು, ಮೇಲಿನ ಮೂರನೇ ಒಂದು ಭಾಗಕ್ಕೆ ಸ್ಟೇಟ್ ಕಾಲೇಜುಗಳು, ಉಳಿದ ಎಲ್ಲರಿಗೂ ಜೂನಿಯರ್ ಕಾಲೇಜು, ಅಂದರೆ ಈಗಿನ ಕಮ್ಯೂನಿಟಿ ಕಾಲೇಜು. "ಉಳಿದ ಎಲ್ಲರಿಗೂ" ಅನ್ನುವ ಈ ಭಾಗವೇ ನಮ್ಮವರಿಗೆ ಮುಜುಗರ ತರುವುದು. ನನಗೆ ಮಾತ್ರ ಇಡೀ ಪ್ಲಾನಿನಲ್ಲಿ ಇಷ್ಟವಾಗಿದ್ದು ಅದೇ.

ಡಿ ಆಂಜಾಗೆ ಒಬ್ಬ ಅಕ್ಕ ಇದ್ದಾಳೆ, ಫುಟ್‌ಹಿಲ್ ಕಾಲೇಜು. ಎರಡನ್ನೂ ನಡೆಸುವ ಸ್ಥಳೀಯ ಆಡಳಿತಕ್ಕೆ ಇಲ್ಲಿ ಕಾಲೇಜ್ ಡಿಸ್ಟ್ರಿಕ್ಟ್ ಅನ್ನುತ್ತಾರೆ. ಈ ಡಿಸ್ಟ್ರಿಕ್ಟ್ ಹುಟ್ಟಿದ್ದು 1957ರಲ್ಲಿ. ಚಿಪ್ ತಯಾರಿಸಿದ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಂಪನಿ ಶುರುವಾಗಿದ್ದೂ ಅದೇ ವರ್ಷ. ಆಗ ಈ ಕಣಿವೆ ತುಂಬಾ ಏಪ್ರಿಕಾಟ್, ಪ್ರೂನ್, ಚೆರ್ರಿ ತೋಟಗಳು. ಫುಟ್‌ಹಿಲ್‌ನ ಮೊದಲ ಕ್ಲಾಸುಗಳು 1958ರಲ್ಲಿ ಮೌಂಟನ್ ವ್ಯೂನ ಒಂದು ಹಳೇ ಶಾಲೆಯಲ್ಲಿ ನಡೆದವು. 1961ರಲ್ಲಿ ಲಾಸ್ ಆಲ್ಟೊಸ್ ಹಿಲ್ಸ್‌ನ ಗುಡ್ಡದ ಮೇಲೆ ಸ್ವಂತ ಕಟ್ಟಡ ಬಂತು. ಜನ ಎಷ್ಟು ಬಂದರು ಅಂದರೆ ಇನ್ನೊಂದು ಕಾಲೇಜು ಕಟ್ಟಲೇಬೇಕಾಯಿತು. 1967ರಲ್ಲಿ ಕ್ಯುಪರ್ಟಿನೊದಲ್ಲಿ 112 ಎಕರೆಯಲ್ಲಿ ಡಿ ಆಂಜಾ ತೆರೆಯಿತು. 1776ರಲ್ಲಿ ಈ ದಾರಿಯಲ್ಲಿ ದಂಡಯಾತ್ರೆ ಬಂದಿದ್ದ ಹುವಾನ್ ಬೌಟಿಸ್ಟಾ ದೆ ಆನ್ಸಾ ಎಂಬ ಸ್ಪ್ಯಾನಿಷ್ ಸೇನಾನಿಯ ಹೆಸರು ಅದು. ಸ್ಪ್ಯಾನಿಷ್ ಬಲ್ಲವರು ನಮ್ಮ ಉಚ್ಚಾರಣೆ ಕೇಳಿದರೆ ನಕ್ಕಾರು, ಆದರೆ ಇಲ್ಲಿ ಎಲ್ಲರ ಬಾಯಲ್ಲೂ ಅದು ಡಿ ಆಂಜಾನೇ.

ಕಾಲೇಜಿಗೂ ಮೊದಲು ಆ ಜಾಗದಲ್ಲಿ ಚಾರ್ಲ್ಸ್ ಬಾಲ್ಡ್‌ವಿನ್ ಅನ್ನುವ ಶ್ರೀಮಂತರ ದ್ರಾಕ್ಷಿ ತೋಟ ಮತ್ತು ವೈನರಿ ಇತ್ತು. 1890ರ ದಶಕದಲ್ಲಿ ಅವರು ಕಟ್ಟಿಸಿದ ಬಿಳಿ ಬಂಗಲೆ ಇವತ್ತೂ ಕ್ಯಾಂಪಸ್ಸಿನಲ್ಲಿದೆ, ಹೆಸರು ಲೆ ಪೆಟಿ ಟ್ರಿಯಾನೊ. ಫ್ರಾನ್ಸಿನ ವರ್ಸೇ ಅರಮನೆಯ ಅಂಗಳದಲ್ಲಿರುವ ಚಿಕ್ಕ ಅರಮನೆಯನ್ನು ನೋಡಿ ಮಾಡಿಸಿದ್ದು. ಕಂಬಗಳು, ಎತ್ತರದ ಕಿಟಕಿಗಳು, ಸುತ್ತ ಕಾಂಕ್ರೀಟ್ ಕ್ಲಾಸ್‌ರೂಮುಗಳು. ಅದೇ ಮನೆಯಲ್ಲಿ ಈಗ ಕ್ಯಾಲಿಫೋರ್ನಿಯಾ ಹಿಸ್ಟರಿ ಸೆಂಟರ್ ಇದೆ. ಈ ಕಣಿವೆಯಲ್ಲಿ ಹಳೇದು ಅಂತ ಏನಾದರೂ ಉಳಿದಿರುವುದೇ ಅಪರೂಪ. ಹಾಗಾಗಿ ಒಂದು ಕಾಲೇಜು ಇಷ್ಟಾದರೂ ಕಾಪಾಡಿಕೊಂಡಿದೆಯಲ್ಲ ಅಂತ ನನಗೆ ಸಮಾಧಾನ.

ಇಲ್ಲಿಯ ಡಿಪಾರ್ಟ್‌ಮೆಂಟುಗಳನ್ನು ನೋಡಿದರೆ ಕಣಿವೆಯ ಜಾತಕವೇ ಸಿಗುತ್ತದೆ. ಎಲೆಕ್ಟ್ರಾನಿಕ್ಸ್ ಬೆಳೆದ ಕಾಲಕ್ಕೆ ಲೋಹ ಕಡೆಯುವವರು ಬೇಕಾಯಿತು. ಅದನ್ನು ಕಲಿಸುವ ಮಷೀನ್ ಶಾಪ್ ಈಗ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಗಳ ಮೇಲೆ ಕಲಿಸುತ್ತದೆ. ಆಟೊಮೋಟಿವ್ ವಿಭಾಗದಲ್ಲಿ ಎಂಜಿನ್, ಬ್ರೇಕ್, ಹೊಗೆ ತಪಾಸಣೆ ಎಲ್ಲ ಕಲಿಸುತ್ತಾರೆ. ಪರಿಸರದ ಮಾತು ಜೋರಾಗುವ ಮುಂಚೆಯೇ, 1970ರ ದಶಕದ ಆರಂಭದಲ್ಲಿ, ಕ್ಯಾಂಪಸ್ಸಿನ ಒಂದು ತುಂಡು ನೆಲದಲ್ಲಿ ಕ್ಯಾಲಿಫೋರ್ನಿಯಾದ ನಾನಾ ಬಗೆಯ ಸಸ್ಯಸಮೂಹಗಳನ್ನು ಪುಟ್ಟದಾಗಿ ಬೆಳೆಸಿದರು. ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಡಗ್ ಚೀಸ್‌ಮನ್ ಮತ್ತು ಅವರ ಹೆಂಡತಿ ಗೇಲ್ ಹೆಸರು ಅದಕ್ಕಿದೆ. ಅದರ ಮಗ್ಗುಲಲ್ಲೇ 2005ರಲ್ಲಿ ಕಿರ್ಶ್ ಸೆಂಟರ್ ಅನ್ನುವ ಪರಿಸರ ಅಧ್ಯಯನ ಕಟ್ಟಡ ತೆರೆಯಿತು. ವಿದ್ಯುತ್ ಮಿತವಾಗಿ ಬಳಸುವ ಹಾಗೆ ಕಟ್ಟಿ, ಹಸಿರು ಕಟ್ಟಡಗಳಿಗೆ ಕೊಡುವ ಲೀಡ್ ಪ್ಲಾಟಿನಂ ದರ್ಜೆ ಪಡೆದಿದೆ. ಪ್ಲಾನೆಟೇರಿಯಂ ಇದೆ, ಯೂಫ್ರಾಟ್ ಹೆಸರಿನ ಚಿತ್ರಕಲಾ ಮ್ಯೂಸಿಯಂ ಇದೆ. ಭಾಷೆಗಳಲ್ಲಿ ಮ್ಯಾಂಡರಿನ್, ವಿಯೆಟ್ನಾಮೀಸ್, ಹಿಂದಿ ಕಲಿಸಿದ್ದಾರೆ. ಕನ್ನಡ ಇಲ್ಲ. ಇಷ್ಟೊಂದು ಜನ ಇದ್ದೇವೆ, ಯಾರಾದರೂ ಅರ್ಜಿ ಹಿಡಿದು ಹೋಗಬಾರದಾ ಅನ್ನಿಸುತ್ತದೆ.

ನಮ್ಮ ಹೆಂಗಸರಿಗೆ ಜಾಸ್ತಿ ಉಪಯೋಗವಾದದ್ದು ಎರಡು ವಿಭಾಗ. ಒಂದು ಚೈಲ್ಡ್ ಡೆವಲಪ್‌ಮೆಂಟ್. ಈ ರಾಜ್ಯದಲ್ಲಿ ಲೈಸೆನ್ಸ್ ಇರುವ ಪ್ರೀಸ್ಕೂಲಿನಲ್ಲಿ ಟೀಚರ್ ಆಗಬೇಕಾದರೆ ಆ ವಿಷಯದಲ್ಲಿ 12 ಸೆಮಿಸ್ಟರ್ ಯೂನಿಟ್ (ಕೋರ್ಸುಗಳನ್ನು ಅಳೆಯುವ ಲೆಕ್ಕ) ಓದಿರಬೇಕು. ಊರಲ್ಲಿ ಎಂಎಸ್ಸಿ ಮಾಡಿ ಪಾಠ ಹೇಳಿ ಬಂದವರಿಗೂ ಈ ನಿಯಮ ಬಿಡುವುದಿಲ್ಲ. ಇನ್ನೊಂದು ಅಕೌಂಟಿಂಗ್. ನಮ್ಮ ಬಿಕಾಂ ಮೂರು ವರ್ಷದ್ದು, ನಮ್ಮ ಸಿಎಯಂಥ ಇಲ್ಲಿಯ ಸಿಪಿಎ ಲೆಕ್ಕದಲ್ಲಿ ಯೂನಿಟ್ಟುಗಳು ಕಡಿಮೆ ಬೀಳುತ್ತವೆ. ಕಡಿಮೆ ಬಿದ್ದದ್ದನ್ನು ತುಂಬಿಕೊಳ್ಳಲು ಜನ ಇಲ್ಲಿಗೆ ಬರುತ್ತಾರೆ. ಎಚ್-4 ವೀಸಾದಲ್ಲಿ, ಅಂದರೆ ಎಚ್-1ಬಿ ಕೆಲಸದ ವೀಸಾದವರ ಗಂಡ ಅಥವಾ ಹೆಂಡತಿಯಾಗಿ ಬಂದವರಿಗೆ ಓದಲು ಯಾವತ್ತೂ ಅಡ್ಡಿ ಇರಲಿಲ್ಲ. ಕೆಲಸ ಮಾಡುವ ಹಾಗಿರಲಿಲ್ಲ, ಅಷ್ಟೇ. 2015ರಲ್ಲಿ ಕೆಲವು ಎಚ್-4ನವರಿಗೆ ಕೆಲಸದ ಪರವಾನಗಿ ಸಿಗಲು ಶುರುವಾದಾಗ, ಮನೆಯಲ್ಲಿ ಕೂತ ವರ್ಷಗಳಲ್ಲಿ ಸುಮ್ನಿರದೆ ಕ್ಲಾಸು ಮಾಡಿಕೊಂಡಿದ್ದವರು ಮೊದಲು ಕೆಲಸ ಹಿಡಿದರು.

ನಾನು ಮಾಡಿದ ಅಕೌಂಟಿಂಗ್ ಕ್ಲಾಸಿನಲ್ಲಿ ಪಕ್ಕದ ಕುರ್ಚಿಯಲ್ಲಿ ಒಬ್ಬರು ಕಾರ್ ಮೆಕ್ಯಾನಿಕ್ ಕೂರುತ್ತಿದ್ದರು. ವಯಸ್ಸು ಐವತ್ತರ ಮೇಲೆ. ಉಗುರಿನ ಸಂದಿಯಲ್ಲಿ ಗ್ರೀಸ್ ಹಾಗೇ ಇರುತ್ತಿತ್ತು. ಸ್ವಂತ ಗ್ಯಾರೇಜ್ ಹಾಕುವ ಆಸೆ. ಮೇಷ್ಟ್ರು ಪುಸ್ತಕದ ಲೆಕ್ಕ ಕೊಟ್ಟರೆ ಇವರು ಜೇಬಿನಿಂದ ತಮ್ಮದೇ ಬಿಲ್ಲು ತೆಗೆದು, "ಬಿಡಿಭಾಗ ವಾಪಸ್ ಕಳಿಸಿದೆ, ದುಡ್ಡು ಇನ್ನೂ ಬಂದಿಲ್ಲ, ಇದನ್ನೆಲ್ಲಿ ಬರೀಲಿ?" ಅಂತ ಕೇಳುತ್ತಿದ್ದರು. ನಮ್ಮ ಹಿಂದೆ ಕೂತಿದ್ದ ಹೈಸ್ಕೂಲು ಹುಡುಗ (ಅನುಮತಿ ಪಡೆದು ಅವರೂ ಬರುತ್ತಾರೆ) ಪಟ್ಟಂತ ಉತ್ತರ ಹೇಳುತ್ತಿದ್ದ. ಬಿಕಾಂನಲ್ಲಿ ನಾನು ಬಾಯಿಪಾಠ ಮಾಡಿದ್ದ ಡೆಬಿಟ್, ಕ್ರೆಡಿಟ್ ನನಗೆ ಅರ್ಥವಾಗಿದ್ದು ಆ ಬಿಲ್ಲುಗಳಿಂದ.

ಇನ್ನು ಹೆಸರಾಂತರು. ಮೊದಲ ಹೆಸರು ಸ್ಟೀವ್ ವೋಜ್ನಿಯಾಕ್. ಆ್ಯಪಲ್ಲಿನ ಮೊದಲ ಕಂಪ್ಯೂಟರುಗಳನ್ನು ಕೈಯಾರೆ ರೂಪಿಸಿದ ಎಂಜಿನಿಯರ್. ಮೊದಲ ವರ್ಷ ಕೊಲರಾಡೊ ಯೂನಿವರ್ಸಿಟಿಗೆ ಹೋಗಿದ್ದರು. ಹೊರ ರಾಜ್ಯದವರಿಗೆ ಅಲ್ಲಿ ಫೀಸು ಜಾಸ್ತಿ. ಸಾಲದ್ದಕ್ಕೆ ಕಾಲೇಜಿನ ಕಂಪ್ಯೂಟರನ್ನು ಮಿತಿ ಮೀರಿ ಬಳಸಿ ಬಜೆಟ್ಟನ್ನೇ ದಾಟಿಸಿಬಿಟ್ಟಿದ್ದರು. 1969ರಲ್ಲಿ ಮನೆಗೆ ವಾಪಸ್ ಬಂದು ಸೇರಿದ್ದು ಇದೇ ಡಿ ಆಂಜಾ. ಆಗ ಕಾಲೇಜಿಗೇ ಎರಡು ವರ್ಷ ವಯಸ್ಸು. ಬರ್ಕ್ಲಿ ಆಮೇಲೆ. "ಬೇರೆ ಎಲ್ಲೂ ಸಿಗ್ಲಿಲ್ವಾ" ಅನ್ನುವವರಿಗೆ ನಾನು ಈ ಕತೆ ಹೇಳುತ್ತೇನೆ. ಕೇಳಿಸಿಕೊಂಡು, "ಅದು ಆ ಕಾಲ ಬಿಡಿ" ಅನ್ನುತ್ತಾರೆ. ಈ ಕಾಲದ್ದೂ ಇದೆ: ಇಲ್ಲಿ ಒಳ್ಳೆ ಮಾರ್ಕ್ಸ್ ತೆಗೆದವರಿಗೆ ಡೇವಿಸ್, ಅರ್ವೈನ್, ಸಾಂತಾ ಕ್ರೂಜ್ ಸೇರಿ ಆರು ಯುಸಿ ಕ್ಯಾಂಪಸ್‌ಗಳಲ್ಲಿ ಯಾವುದಾದರೂ ಒಂದರಲ್ಲಿ ಸೀಟು ಖಾತ್ರಿ ಮಾಡಿಕೊಳ್ಳುವ ಒಪ್ಪಂದವಿದೆ. ಬರ್ಕ್ಲಿ ಮತ್ತು ಯುಸಿಎಲ್‌ಎ ಅದರಲ್ಲಿಲ್ಲ, ಆದರೆ ಅಲ್ಲಿಗೂ ಹೋಗುವವರಿದ್ದಾರೆ.

ಟಿವಿ ನಟಿ ಟೆರಿ ಹ್ಯಾಚರ್ ಕೂಡ ಡಿ ಆಂಜಾದಲ್ಲಿ ಓದಿದವರು. ಟೆನಿಸ್ ಆಟಗಾರ ಬ್ರ್ಯಾಡ್ ಗಿಲ್ಬರ್ಟ್ ಫುಟ್‌ಹಿಲ್ ಕಡೆಯವರು. ನನ್ನ ಮಟ್ಟಿಗೆ ಇವರಿಗಿಂತ ದೊಡ್ಡ ಹೆಸರು ಮಾರ್ತಾ ಕ್ಯಾಂಟರ್. ಕಲಿಕೆಯ ತೊಂದರೆ ಇರುವ ಮಕ್ಕಳಿಗೆ ಸ್ಯಾನ್ ಹೋಸೆ ಸಿಟಿ ಕಾಲೇಜಿನಲ್ಲಿ ಪಾಠಕ್ರಮ ಶುರು ಮಾಡಿದವರು ಅವರು. 1993ರಿಂದ ಹತ್ತು ವರ್ಷ ಡಿ ಆಂಜಾದ ಅಧ್ಯಕ್ಷೆ, ಆಮೇಲೆ ಡಿಸ್ಟ್ರಿಕ್ಟಿನ ಚಾನ್ಸಲರ್. 2009ರಲ್ಲಿ ಒಬಾಮ ಸರ್ಕಾರ ಅವರನ್ನು ದೇಶದ ಶಿಕ್ಷಣ ಇಲಾಖೆಯ ಅಂಡರ್ ಸೆಕ್ರೆಟರಿ ಮಾಡಿತು. ಕಮ್ಯೂನಿಟಿ ಕಾಲೇಜಿನಿಂದ ಆ ಕುರ್ಚಿಗೆ ಹೋದವರಲ್ಲಿ ಅವರೇ ಮೊದಲಿಗರು.

ಓದಲು ಅಲ್ಲ, ವೇದಿಕೆಗಾಗಿ ಬಂದು ಹೋದ ಹೆಸರು ಆ್ಯಪಲ್ಲಿನ ಸ್ಟೀವ್ ಜಾಬ್ಸ್. ಕ್ಯಾಂಪಸ್ಸಿನಲ್ಲಿ ಸುಮಾರು 2,400 ಸೀಟಿನ ಫ್ಲಿಂಟ್ ಸೆಂಟರ್ ಅನ್ನುವ ಸಭಾಂಗಣವಿತ್ತು. ಡಿಸ್ಟ್ರಿಕ್ಟ್ ಕಟ್ಟಿದ ಕ್ಯಾಲ್ವಿನ್ ಫ್ಲಿಂಟ್ ಅವರ ಹೆಸರಿನದು. 1984ರ ಜನವರಿ 24ರಂದು ಜಾಬ್ಸ್ ಚೀಲದೊಳಗಿಂದ ಮ್ಯಾಕಿಂಟಾಶ್ ಎತ್ತಿ ತೋರಿಸಿದ್ದು ಅದೇ ವೇದಿಕೆಯಲ್ಲಿ. 1998ರ ಐಮ್ಯಾಕ್, ಜಾಬ್ಸ್ ಕಾಲದ ನಂತರ 2014ರ ಆ್ಯಪಲ್ ವಾಚ್ ಕೂಡ ಜನರ ಮುಂದೆ ಬಂದಿದ್ದು ಅಲ್ಲೇ. ನಮ್ಮ ದೇಶದ ಸಂಗೀತಗಾರರ ಕಛೇರಿಗಳೂ ನಡೆದಿವೆ. 2019ರಲ್ಲಿ ಅದನ್ನು ಮುಚ್ಚಿದರು. ನನಗೆ ಬೇಜಾರಾಯಿತು. ಪಾಠದ ಕೋಣೆಗಳಿಗೆ ದುಡ್ಡು ಮುಖ್ಯ ಅನ್ನುವ ಮಾತನ್ನೂ ತಳ್ಳಿಹಾಕಲು ಆಗಲಿಲ್ಲ.

ಆ ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಕಟ್ಟಡಗಳಿಗೆ ಸಾಲ ಎತ್ತಬೇಕಾದರೆ ಊರಿನ ಜನರ ಮತ ಕೇಳಬೇಕು. 2006ರಲ್ಲಿ ಸುಮಾರು 49 ಕೋಟಿ ಡಾಲರ್, 2020ರಲ್ಲಿ 89.8 ಕೋಟಿ ಡಾಲರ್ ಬಾಂಡಿಗೆ ಜನ ಹೂಂ ಅಂದಿದ್ದಾರೆ. ಈ ಭಾಗದಲ್ಲಿ ಮನೆ ಇರುವವರ ಪ್ರಾಪರ್ಟಿ ಟ್ಯಾಕ್ಸ್ ಬಿಲ್ಲಿನಲ್ಲಿ ಫುಟ್‌ಹಿಲ್-ಡಿ ಆಂಜಾ ಅಂತ ಬೇರೆಯೇ ಸಾಲುಗಳಿರುತ್ತವೆ. ಮಗನನ್ನು ಅಲ್ಲಿಗೆ ಕಳಿಸಲು ನಾಚುವವರೂ ವರ್ಷಕ್ಕೆರಡು ಸಲ ಅದಕ್ಕೆ ದುಡ್ಡು ಕಟ್ಟುತ್ತಾರೆ, ಅಲ್ವಾ! ಸ್ಥಳೀಯರಿಗೆ ಫೀಸು ಯೂನಿಟ್ಟಿಗೆ 31 ಡಾಲರ್. ಹೊರಗಿನಿಂದ ಸ್ಟೂಡೆಂಟ್ ವೀಸಾದಲ್ಲಿ ಬರುವವರಿಗೆ ಅದರ ಎಷ್ಟೋ ಪಟ್ಟು. ಹಾಗಾಗಿ ಊರಿಂದ ನೇರವಾಗಿ ಇಲ್ಲಿಗೆ ಕಳಿಸುವ ಯೋಚನೆ ಇದ್ದರೆ ಮೊದಲು ಲೆಕ್ಕ ಹಾಕಿ ನೋಡಿ.

ವಿಸಿಟರ್ ವೀಸಾದಲ್ಲಿ ಬರುವ ಅಪ್ಪ ಅಮ್ಮಂದಿರು ಇಲ್ಲಿ ಕೋರ್ಸಿಗೆ ಸೇರುವಂತಿಲ್ಲ. ಆದರೆ ಕ್ಯಾಂಪಸ್ಸಿಗೆ ಬೇಲಿ ಇಲ್ಲ, ಗೇಟಿನಲ್ಲಿ ಐಡಿ ಕೇಳುವವರೂ ಇಲ್ಲ. ನನ್ನ ಅತ್ತೆ ಮಾವ ಬಂದಾಗ ಸ್ಟೀವನ್ಸ್ ಕ್ರೀಕ್ ರಸ್ತೆ ಕಡೆಯಿಂದ ಒಳಗೆ ಹೋಗಿ ಬಂಗಲೆ ನೋಡಿ, ಪ್ಲಾನೆಟೇರಿಯಂ ಮುಂದೆ ಫೋಟೊ ತೆಗೆಸಿಕೊಂಡೆವು. ಮಾವ ರಿಟೈರಾದ ಹೈಸ್ಕೂಲು ಮೇಷ್ಟ್ರು. ಆಟೊಮೋಟಿವ್ ವಿಭಾಗದ ಬಾಗಿಲಲ್ಲಿ ನಿಂತು, ಲಿಫ್ಟಿನ ಮೇಲೆ ಏರಿಸಿಟ್ಟ ಕಾರಿನ ಕೆಳಗೆ ತನ್ನ ವಯಸ್ಸಿನವನೊಬ್ಬ ಟಾರ್ಚ್ ಹಿಡಿದು ನೋಡುತ್ತಿದ್ದದ್ದನ್ನು ಬಹಳ ಹೊತ್ತು ನೋಡಿದರು. "ಇವರು ಮೇಷ್ಟ್ರಾ, ಸ್ಟೂಡೆಂಟಾ?" ಅಂತ ಕೇಳಿದರು. "ಸ್ಟೂಡೆಂಟು" ಅಂದೆ. "ನನಗೂ ಸೇರಿಸ್ಕೋತಾರಾ?" ಅಂದರು.