ಪ್ರೊವೋಸ್ಟ್ ಹುಡುಕಾಟ, ಪಾರ್ಕಿಂಗ್ ಜಗಳ ಮತ್ತು ಕುಮಟೆಯ ಭಾವ

ಊರಲ್ಲಿ ಇನ್ನೂ ಸುಮಾರು ಜನ ನಾನು ಅಮೆರಿಕದಲ್ಲಿ ಪ್ರೊಫೆಸರ್ ಅಂತಲೇ ತಿಳಿದಿದ್ದಾರೆ. ಅಲ್ಲ. ಒಂದು ಸರ್ಕಾರಿ ಯೂನಿವರ್ಸಿಟಿಯ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು ಕಡಿಮೆ. ಜರ್ನಲ್‌ಗಳ ಚಂದಾ, ಅದರ ಲೆಕ್ಕ, ಅದರ ಜಗಳ ಜಾಸ್ತಿ. ಆದರೂ ಯೂನಿವರ್ಸಿಟಿ ನಡೆಸುವವರ ಎದುರು ಕೂತು ಪ್ರಶ್ನೆ ಕೇಳುವ ಅವಕಾಶ ನನಗಿದೆ. ನಾನು ಇಲ್ಲಿಯ ನೌಕರರ ಪ್ರತಿನಿಧಿ ಸಭೆಯಾದ ಸ್ಟಾಫ್ ಕೌನ್ಸಿಲ್‌ಗೆ ಆರಿಸಿ ಬಂದವಳು. ಆರಿಸಿ ಬಂದವಳು ಅಂದರೆ ದೊಡ್ಡದೇನಲ್ಲ, ನಮ್ಮ ವಿಭಾಗದಿಂದ ನಿಂತವಳು ನಾನೊಬ್ಬಳೇ.

ಕುಮಟೆಯ ನಮ್ಮ ಭಾವ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಕೌನ್ಸಿಲ್ ಸುದ್ದಿ ಕೇಳಿದ್ದೇ ತಡ, "ಅಲ್ಲಿ ಕುಲಪತಿನ ಯಾರು ನೇಮಕ ಮಾಡ್ತ? ಸರ್ಕಾರದ ಕೈ ಇಲ್ಯಾ?" ಅಂತ ಶುರು ಮಾಡಿದರು. ಫೋನಿನಲ್ಲಿ ಹೇಳಿ ಮುಗಿಯಲಿಲ್ಲ. ಮಕ್ಕಳನ್ನು ಇಲ್ಲಿಗೆ ಓದಲು ಕಳಿಸಿರುವ ಶಿರಸಿ, ಯಲ್ಲಾಪುರದ ಕಡೆಯವರು ಇದೇ ಪ್ರಶ್ನೆಯನ್ನು ಬೇರೆ ತರಹ ಕೇಳುತ್ತಾರೆ. ಫೀಸು ಏರಿಸುವವರು ಯಾರು? ಹಾಸ್ಟೆಲ್ ಬಾಡಿಗೆ ಹೆಚ್ಚಾದರೆ ಯಾರಿಗೆ ಹೇಳಬೇಕು? ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಇಲ್ಲಿ ಯೂನಿವರ್ಸಿಟಿಯ ಮುಖ್ಯಸ್ಥರಿಗೆ ಹೆಚ್ಚಿನ ಕಡೆ ಪ್ರೆಸಿಡೆಂಟ್ ಅನ್ನುತ್ತಾರೆ. ಅವರ ಕೆಳಗೆ ಪ್ರೊವೋಸ್ಟ್. ಪಾಠ, ಸಂಶೋಧನೆ, ಅಧ್ಯಾಪಕರ ನೇಮಕ, ಬಡ್ತಿ ಎಲ್ಲ ಪ್ರೊವೋಸ್ಟ್ ನೋಡಿಕೊಳ್ಳುತ್ತಾರೆ. ಪ್ರೆಸಿಡೆಂಟ್ ದೇಣಿಗೆ ಕೇಳುತ್ತಾ, ಶಾಸಕರನ್ನು ಮಾತಾಡಿಸುತ್ತಾ ತಿರುಗುವುದೇ ಜಾಸ್ತಿ. ಇಬ್ಬರ ಮೇಲೂ ಒಂದು ಬೋರ್ಡ್ ಇದೆ. ಬಜೆಟ್ಟು, ಫೀಸು, ಪ್ರೆಸಿಡೆಂಟ್ ನೇಮಕ, ಪ್ರೆಸಿಡೆಂಟ್ ವಜಾ ಎಲ್ಲದಕ್ಕೂ ಕೊನೆಯ ಮಾತು ಬೋರ್ಡಿನದು. ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಈ ಬೋರ್ಡಿನ ಸದಸ್ಯರನ್ನು ಸಾಮಾನ್ಯವಾಗಿ ರಾಜ್ಯದ ಗವರ್ನರ್ ನೇಮಿಸುತ್ತಾರೆ. ಇಲ್ಲಿಯ ಗವರ್ನರ್ ಜನ ಓಟು ಹಾಕಿ ಆರಿಸಿದವರು, ನಮ್ಮ ಮುಖ್ಯಮಂತ್ರಿಯ ಜಾಗದಲ್ಲಿರುವವರು. ರಾಜ್ಯದಿಂದ ರಾಜ್ಯಕ್ಕೆ ಪದ್ಧತಿ ಬೇರೆ. ಮಿಶಿಗನ್ ಯೂನಿವರ್ಸಿಟಿಯ ಬೋರ್ಡಿನ ಎಂಟು ಜನರನ್ನು ರಾಜ್ಯದ ಮತದಾರರೇ ಎಂಟು ವರ್ಷದ ಅವಧಿಗೆ ಆರಿಸುತ್ತಾರೆ. ಎಮ್ಮೆಲ್ಲೆ ಎಲೆಕ್ಷನ್ನಿನ ದಿನವೇ ಧಾರವಾಡ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿಗೂ ಹೊನ್ನಾವರದಲ್ಲಿ ಓಟು ಹಾಕುವುದನ್ನು ಸುಮ್ನೆ ಊಹಿಸಿಕೊಳ್ಳಿ. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಬೋರ್ಡಿನಲ್ಲಿ ಒಂದು ಕುರ್ಚಿ ವಿದ್ಯಾರ್ಥಿಗೆ ಮೀಸಲು, ಅವರಿಗೆ ಓಟೂ ಇದೆ.

ಬೋರ್ಡು, ಪ್ರೆಸಿಡೆಂಟ್ ಬಿಟ್ಟರೆ ಮೂರನೆಯದು ಅಧ್ಯಾಪಕರ ಸೆನೆಟ್, ಅಂದರೆ ಅವರ ಪ್ರತಿನಿಧಿಗಳ ಸಭೆ. ಈ ಮೂವರೂ ಸೇರಿ ಯೂನಿವರ್ಸಿಟಿ ನಡೆಸಬೇಕು ಅನ್ನುವುದು ಇಲ್ಲಿಯ ಹಳೆಯ ರೂಢಿ. ಅದನ್ನು ಬರೆದಿಟ್ಟದ್ದು 1966ರಲ್ಲಿ. ಅಧ್ಯಾಪಕರ ಸಂಘ, ಕಾಲೇಜುಗಳ ಒಕ್ಕೂಟ, ಬೋರ್ಡುಗಳ ಒಕ್ಕೂಟ ಮೂರೂ ಕೂಡಿ ಒಂದು ಹೇಳಿಕೆ ತಯಾರಿಸಿದವು. ಸಿಲೆಬಸ್, ಪಾಠದ ವಿಧಾನ, ಸಂಶೋಧನೆ, ಅಧ್ಯಾಪಕರ ನೇಮಕ ಇವುಗಳಲ್ಲಿ ಮೊದಲ ಮಾತು ಅಧ್ಯಾಪಕರದು. ಬೋರ್ಡು ಅದನ್ನು ತಳ್ಳಿಹಾಕಬಹುದು, ಆದರೆ ಅಪರೂಪಕ್ಕೆ ಮಾತ್ರ, ಮತ್ತು ಯಾಕೆ ತಳ್ಳಿಹಾಕಿದೆವು ಅಂತ ಕಾರಣ ಹೇಳಿಯೇ. ಆ ಹೇಳಿಕೆಯಲ್ಲಿ ನನಗೆ ಇಷ್ಟವಾದದ್ದು ಇದೊಂದೇ. ಅದು ಕಾನೂನಲ್ಲ, ಯಾರೂ ಕೋರ್ಟಿಗೆ ಎಳೆಯಲಾರರು. ವಿದ್ಯಾರ್ಥಿಗಳಿಗೆ ಅದರಲ್ಲಿ ಒಂದು ಸಣ್ಣ ಭಾಗವಿದೆ. ನಮ್ಮಂಥ ನೌಕರರ ಸುದ್ದಿಯೇ ಇಲ್ಲ. ಸ್ಟಾಫ್ ಕೌನ್ಸಿಲ್‌ಗಳು ಬಲಗೊಂಡದ್ದು ಆಮೇಲೆ.

ಅದೇ 1966ರಲ್ಲಿ ನಮ್ಮ ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು ಶುರುವಾಗಿದ್ದು. ದಿನಕರ ದೇಸಾಯಿಯವರು 1953ರಲ್ಲಿ ಕಟ್ಟಿದ ಕೆನರಾ ವೆಲ್ಫೇರ್ ಟ್ರಸ್ಟಿನ ಕಾಲೇಜು ಅದು. ನಮ್ಮ ಜಿಲ್ಲೆಯ ಹಳೆಯ ಕಾಲೇಜುಗಳಲ್ಲಿ ಎಷ್ಟೋ ಹೀಗೇ ಹುಟ್ಟಿದ್ದು. ಸರ್ಕಾರ ಬರುವ ತನಕ ಕಾಯದೆ ಟ್ರಸ್ಟು, ಸೊಸೈಟಿ ಕಟ್ಟಿ, ವ್ಯಾಪಾರಿಗಳು, ಡಾಕ್ಟರುಗಳು, ತೋಟದವರು ದುಡ್ಡು ಹಾಕಿ ಮಾಡಿದವು. ಕಾಲೇಜು ಕಟ್ಟುವುದು ಜನರಿಗೆ ಗೊತ್ತಿತ್ತು. ಕಟ್ಟಿದ ಮೇಲೆ ಒಳಗಿರುವವರ ಮಾತು ಕೇಳುವ ರೂಢಿ ಬೆಳೆಯಿತಾ ಅನ್ನುವುದು ಬೇರೆ ಪ್ರಶ್ನೆ.

ನಮ್ಮ ಇಲ್ಲಿಯ ಸೆನೆಟ್ ಮೀಟಿಂಗ್ ಹೇಗಿರುತ್ತದೆ ಗೊತ್ತಾ? ಒಂದು ವಾರ ಮೊದಲೇ ಅಜೆಂಡಾ ಬರುತ್ತದೆ, ಎಲ್ಲರಿಗೂ ಕಾಣುವ ಹಾಗೆ. ಮಧ್ಯಾಹ್ನ ಮೂರು ಗಂಟೆಗೆ ಕಿಟಕಿಯಿಲ್ಲದ ಒಂದು ಹಾಲ್. ಮುಂದೆ ಮೇಜಿನ ಮೇಲೆ ಟ್ರಾಫಿಕ್ ಸಿಗ್ನಲ್ಲಿನಂಥ ಪುಟ್ಟ ಲೈಟು. ಹಸಿರು ಇದ್ದಾಗ ಮಾತಾಡಿ, ಹಳದಿಗೆ ಮುಗಿಸಲು ನೋಡಿ, ಕೆಂಪಾದರೆ ಕೂತುಕೊಳ್ಳಿ. ಪ್ರೆಸಿಡೆಂಟಿಗೂ ಅದೇ ಲೈಟು. ಸಭೆಯ ನಿಯಮಗಳೆಲ್ಲ ಹೆನ್ರಿ ರಾಬರ್ಟ್ ಎಂಬ ಸೈನ್ಯದ ಇಂಜಿನಿಯರ್ 1876ರಲ್ಲಿ ಬರೆದಿಟ್ಟದ್ದು. ಒಬ್ಬರು ಸೂಚಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು, ತಿದ್ದುಪಡಿ ಇದ್ದರೆ ಮೊದಲು ತಿದ್ದುಪಡಿಗೆ ಓಟು.

ಶಿರಸಿಯ ಅಡಿಕೆ ಬೆಳೆಗಾರರ ಮನೆಯಲ್ಲಿ ಹುಟ್ಟಿದವಳಿಗೆ ಇದೇನು ಹೊಸದು? ಟಿಎಸ್‌ಎಸ್ ಅಂದರೆ ನಮ್ಮ ಕಡೆಯ ಅಡಿಕೆ ಬೆಳೆಗಾರರ ಸಹಕಾರಿ ಸಂಘ, 1923ರಿಂದ ಇದೆ. ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆಯ ನೋಟಿಸು, ವರದಿ ಪುಸ್ತಕ ಮನೆಗೆ ಬರುತ್ತಿತ್ತು. ಅಪ್ಪ ಅಢಾವೆ ಪತ್ರಿಕೆಯಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆದು, "ಈ ಖರ್ಚು ಯಾಕೆ ಇಷ್ಟಾತು" ಅಂತ ಬದಿಯಲ್ಲಿ ಬರೆದುಕೊಂಡು ಹೋಗುತ್ತಿದ್ದರು. ಇಲ್ಲಿಯ ಸೆನೆಟ್ ನನಗೆ ಥೇಟ್ ಆ ಸಭೆಯೇ. ಮಧ್ಯಾಹ್ನದ ಊಟ ಒಂದಿಲ್ಲ.

ಜಗಳ ಯಾವುದರ ಬಗ್ಗೆ ಅಂದರೆ, ಮೊದಲನೆಯದು ಪಾರ್ಕಿಂಗ್. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಪ್ರೆಸಿಡೆಂಟ್ ಆಗಿದ್ದ ಕ್ಲಾರ್ಕ್ ಕೆರ್ ಅವರೇ ತಮಾಷೆ ಮಾಡಿದ್ದರು, ಅಧ್ಯಾಪಕರನ್ನೆಲ್ಲ ಒಂದಾಗಿ ಹಿಡಿದಿಟ್ಟಿರುವುದು ಪಾರ್ಕಿಂಗಿನ ದೂರು ಅಂತ. ಇಷ್ಟು ವರ್ಷವಾದರೂ ಅದು ಸುಳ್ಳಾಗಿಲ್ಲ. ವಿಷಯ ಯಾವುದೇ ಇರಲಿ, ಕೊನೆಗೆ ಯಾರೋ ಒಬ್ಬರು ಎದ್ದು ನಿಂತು ಪರ್ಮಿಟ್ ದರ ತೆಗೆಯುತ್ತಾರೆ.

ಹೋದ ವರ್ಷ ನಮ್ಮ ಲೈಬ್ರರಿಯ ಹೊತ್ತು ಕಡಿಮೆ ಮಾಡುವ ಮಾತು ಬಂತು. ರಾತ್ರಿ ಎರಡರ ತನಕ ತೆರೆದಿರುವುದನ್ನು ಹನ್ನೆರಡಕ್ಕೇ ಮುಚ್ಚುವುದು. ನಮ್ಮ ಕೌನ್ಸಿಲ್ಲಿನವರಿಗೆ ಇದರಲ್ಲಿ ಎರಡು ಮನಸ್ಸು. ರಾತ್ರಿ ಪಾಳಿಯವರಿಗೆ ನಿದ್ದೆ ಸಿಗುತ್ತದೆ, ಆದರೆ ಪಾಳಿಯ ಭತ್ಯೆ ಹೋಗುತ್ತದೆ. ವಿದ್ಯಾರ್ಥಿಗಳ ಪರವಾಗಿ ಒಬ್ಬ ಹುಡುಗ ಎದ್ದು ನಿಂತ. ಮೆಸ್ಸಿನಲ್ಲಿ ಪಾತ್ರೆ ತೊಳೆಯುವ ಕೆಲಸ ಮಾಡಿಕೊಂಡು ಓದುವವನು. ಕೈಯಲ್ಲಿ ಚೀಟಿ, ಚೀಟಿ ನಡುಗುತ್ತಿತ್ತು. "ನನ್ನ ಕೆಲಸ ಮುಗಿಯುವುದೇ ಹತ್ತೂವರೆಗೆ. ರೂಮಿನಲ್ಲಿ ಇನ್ನೂ ಮೂರು ಜನ ಇದ್ದಾರೆ. ನಾನು ಎಲ್ಲಿ ಓದಲಿ?" ಅಷ್ಟೇ. ಲೈಟು ಹಸಿರು ಇರುವಾಗಲೇ ಕೂತುಬಿಟ್ಟ. ಅದಕ್ಕೂ ಮುಂಚೆ ಒಬ್ಬರು ಪ್ರೊಫೆಸರ್ ಕೆಂಪು ಬಿದ್ದ ಮೇಲೂ ಜ್ಞಾನದ ಮಹತ್ವದ ಬಗ್ಗೆ ಹೇಳುತ್ತಲೇ ಇದ್ದರು. ಯಾರಿಗೂ ನೆನಪಿಲ್ಲ.

ಲೈಬ್ರರಿ ಹನ್ನೆರಡಕ್ಕೇ ಮುಚ್ಚಿತು. ಪರೀಕ್ಷೆಯ ಮುಂಚಿನ ಎರಡು ವಾರ ಮಾತ್ರ ಹಳೆಯ ಹೊತ್ತು ಉಳಿಯಿತು. ಆದರೆ ಕಾವಲಿಗೆ ಎಷ್ಟು, ಕರೆಂಟಿಗೆ ಎಷ್ಟು, ರಾತ್ರಿ ಒಂದು ಗಂಟೆಯ ಮೇಲೆ ಒಳಗೆ ಎಷ್ಟು ಜನ ಇರುತ್ತಾರೆ ಅನ್ನುವ ಲೆಕ್ಕ ಸಮೇತ ಪ್ರೊವೋಸ್ಟ್ ಕಚೇರಿಯಿಂದ ಉತ್ತರ ಬಂತು. ಹಾಸ್ಟೆಲಿನ ಕೆಳಗಿನ ಒಂದು ಹಾಲನ್ನು ರಾತ್ರಿಯಿಡೀ ಓದಲು ಬಿಟ್ಟರು. ಭಾವನಿಗೆ ಇದನ್ನೆಲ್ಲ ಹೇಳಿದರೆ, "ಇಷ್ಟೆಲ್ಲ ಮಾತಾಡಿ ಕಡೆಗೆ ಎಂತ ಆತು?" ಅಂದರು. ಅವರು ಹೇಳಿದ್ದೂ ಸರಿಯೇ. ನಾನಂತೂ ಆ ಲೆಕ್ಕದ ಹಾಳೆಯನ್ನು ಇಟ್ಟುಕೊಂಡಿದ್ದೇನೆ. ಮುಂದಿನ ಬಜೆಟ್ ಸಭೆಯಲ್ಲಿ ಅವರದೇ ಅಂಕಿ ಹಿಡಿದು ಅವರನ್ನೇ ಕೇಳಬಹುದು. ಕಾರಣ ಹೇಳದವರನ್ನು ಹಾಗೆ ಹಿಡಿಯಲಾಗುವುದಿಲ್ಲ.

ಕಾರಣ ಹೇಳದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಇಲ್ಲಿಯವರು ಈಗಲೂ ಕೊಡುವ ಉದಾಹರಣೆ ವರ್ಜೀನಿಯಾ ಯೂನಿವರ್ಸಿಟಿಯದು. ತೆರೇಸಾ ಸಲ್ಲಿವನ್ ಅಲ್ಲಿಯ ಮೊದಲ ಮಹಿಳಾ ಪ್ರೆಸಿಡೆಂಟ್, 2010ರಲ್ಲಿ ಬಂದವರು. 2012ರ ಜೂನ್ 10, ಭಾನುವಾರ, ಕಾಲೇಜು ರಜೆಯ ಕಾಲ. ಅವರು ರಾಜೀನಾಮೆ ಕೊಡುತ್ತಿದ್ದಾರೆ ಅಂತ ಕ್ಯಾಂಪಸ್ಸಿಗೆಲ್ಲ ಇಮೇಲ್ ಬಂತು. ಬೋರ್ಡಿನ ಮುಖ್ಯಸ್ಥರು ಒಬ್ಬೊಬ್ಬ ಸದಸ್ಯರನ್ನೇ ಮಾತಾಡಿಸಿ, ಪೂರ್ಣ ಸಭೆ ಕರೆಯದೆ ಇದನ್ನು ಮುಗಿಸಿದ್ದರು. ಕಾರಣ ಕೇಳಿದರೆ, ಕಾಲ ಬೇಗ ಬದಲಾಗುತ್ತಿದೆ, ಆನ್‌ಲೈನ್ ಶಿಕ್ಷಣ ಬಂದಿದೆ, ಇವರು ನಿಧಾನ ಎಂಬಂಥ ಮೊಗಮ್ಮಾದ ಮಾತು. ಅಧ್ಯಾಪಕರ ಸೆನೆಟ್ ಬೋರ್ಡಿನ ಮೇಲೆಯೇ ಅವಿಶ್ವಾಸ ನಿರ್ಣಯ ಮಾಡಿತು. ರಜೆಗೆ ಹೋದವರು ವಾಪಸ್ ಬಂದು ಕ್ಯಾಂಪಸ್ಸಿನ ಹುಲ್ಲುಹಾಸಿನ ಮೇಲೆ ಸೇರಿದರು. ಹಳೆಯ ವಿದ್ಯಾರ್ಥಿಗಳು, ದೇಣಿಗೆ ಕೊಟ್ಟವರು ಬರೆದ ಪತ್ರಗಳು ಬಂದವು. ಈ ಸಭೆಯಲ್ಲೂ ಇತ್ಯರ್ಥ ಮಾಡದಿದ್ದರೆ ನಿಮ್ಮೆಲ್ಲರ ರಾಜೀನಾಮೆ ಕೇಳುತ್ತೇನೆ ಅಂತ ಗವರ್ನರ್ ಬೋರ್ಡಿಗೆ ಎಚ್ಚರಿಕೆ ಕೊಟ್ಟರು. ಜೂನ್ 26ಕ್ಕೆ ಬೋರ್ಡು ಒಮ್ಮತದಿಂದ ಸಲ್ಲಿವನ್ ಅವರನ್ನು ಮತ್ತೆ ಕೂರಿಸಿತು. ಅವರು 2018ರ ತನಕ ಇದ್ದರು.

ಸೆನೆಟ್ಟಿಗೆ ಕಾನೂನಿನ ಪ್ರಕಾರ ಅವರನ್ನು ಉಳಿಸುವ ಅಧಿಕಾರ ಇರಲೇ ಇಲ್ಲ ಅನ್ನುವುದು ಇಲ್ಲಿ ಗಮನಿಸಬೇಕಾದ್ದು. ಅವತ್ತು ಸೆನೆಟ್ಟಿನವರ ಹತ್ತಿರ ಇದ್ದದ್ದು ಪ್ರತಿ ತಿಂಗಳೂ ಕೂರುವ ಅಭ್ಯಾಸ, ಯಾರಿಗೆ ಫೋನ್ ಮಾಡಬೇಕು ಅನ್ನುವ ಪಟ್ಟಿ, ನಿರ್ಣಯ ಹೇಗೆ ಬರೆಯಬೇಕು ಅನ್ನುವ ಜ್ಞಾನ. ಪಾರ್ಕಿಂಗ್ ಬಗ್ಗೆ ಜಗಳವಾಡಿ ಜಗಳವಾಡಿಯೇ ಕಲಿತದ್ದಿರಬೇಕು.

ಇನ್ನು ಭಾವನ ಪ್ರಶ್ನೆ. ಸರ್ಕಾರದ ಕೈ ಇಲ್ವಾ ಅಂದರೆ, ಇದೆ, ಚೆನ್ನಾಗಿಯೇ ಇದೆ. ಪಾರ್ಕಿಂಗ್ ತಮಾಷೆ ಮಾಡಿದ ಕ್ಲಾರ್ಕ್ ಕೆರ್ ಅವರನ್ನೇ 1967ರ ಜನವರಿಯಲ್ಲಿ ಬೋರ್ಡು ಕಿತ್ತುಹಾಕಿತು. ರೊನಾಲ್ಡ್ ರೇಗನ್ ಗವರ್ನರ್ ಆಗಿ ಬಂದ ತಿಂಗಳದು. ಈಗಿನ ಕಥೆ ನೋಡಿ. 2025ರ ಮೇ ತಿಂಗಳಲ್ಲಿ ಫ್ಲಾರಿಡಾ ಯೂನಿವರ್ಸಿಟಿಯ ಟ್ರಸ್ಟಿಗಳು ಸಾಂಟಾ ಓನೊ ಅವರನ್ನು ಒಮ್ಮತದಿಂದ ಪ್ರೆಸಿಡೆಂಟ್ ಮಾಡಿದರು. ಜೂನ್‌ನಲ್ಲಿ ಅದರ ಮೇಲಿನ ರಾಜ್ಯದ ಬೋರ್ಡು 10-6 ಓಟಿನಲ್ಲಿ ಬೇಡ ಅಂದಿತು. ಅವರು ಮಿಶಿಗನ್ನಿನ ಪ್ರೆಸಿಡೆಂಟ್ ಕುರ್ಚಿ ಬಿಟ್ಟು ಬಂದಿದ್ದರು, ಪಾಪ. ಅದೇ ವರ್ಷ ಟೆಕ್ಸಾಸ್‌ನಲ್ಲಿ ಹೊಸ ಕಾನೂನು. ಬೋರ್ಡು ಒಪ್ಪಿದರೆ ಮಾತ್ರ ಅಧ್ಯಾಪಕರ ಸೆನೆಟ್ ಇರಬಹುದು, ಇಲ್ಲದಿದ್ದರೆ ಸೆಪ್ಟೆಂಬರ್ 1ಕ್ಕೆ ಬಂದ್. ಇಂಡಿಯಾನಾದಲ್ಲಿ ಸೆನೆಟ್ ಏನೇ ಹೇಳಿದರೂ ಅದು ಬರೀ ಸಲಹೆ ಅಂತ ಶಾಸನಸಭೆಯೇ ಬರೆದುಬಿಟ್ಟಿತು. ನಮ್ಮ ಕ್ಯಾಂಪಸ್ಸಿನಲ್ಲಿ ಈಗ ಕಾಫಿ ಕುಡಿಯುತ್ತಾ ಇದರದೇ ಮಾತು. ಅಮೆರಿಕದಲ್ಲಿ ಎಲ್ಲ ಸರಿಯಿದೆ ಅಂತ ಊರಿಗೆ ಹೇಳುವ ಕಾಲ ಇದಲ್ಲ.

ಕಾಗದದ ಮೇಲೆ ನೋಡಿದರೆ ನಮ್ಮ ಕಡೆಯದೂ ಕಡಿಮೆಯೇನಲ್ಲ. ಉತ್ತರ ಕನ್ನಡದ ಹೆಚ್ಚಿನ ಡಿಗ್ರಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಕಾರವಾರದ ಕೋಡಿಬಾಗದಲ್ಲಿ ಅದರದೇ ಕೇಂದ್ರವಿದೆ, ಕಡಲ ಜೀವಶಾಸ್ತ್ರ ಕಲಿಸುವುದು ಅಲ್ಲೇ. 2000ದ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ಪ್ರಕಾರ ಕುಲಪತಿ ಹುಡುಕಾಟದ ಸಮಿತಿಗೆ ರಾಜ್ಯಪಾಲರು, ಸರ್ಕಾರ, ಯುಜಿಸಿ, ಸಿಂಡಿಕೇಟ್ ಒಬ್ಬೊಬ್ಬರನ್ನು ಕೊಡುತ್ತವೆ. ಸಮಿತಿ ಮೂರು ಹೆಸರು ಕಳಿಸುತ್ತದೆ. ಸರ್ಕಾರದ ಸಹಮತಿ ಪಡೆದು ರಾಜ್ಯಪಾಲರು ಒಬ್ಬರನ್ನು ನಾಲ್ಕು ವರ್ಷಕ್ಕೆ ನೇಮಿಸುತ್ತಾರೆ. ಸಿಂಡಿಕೇಟ್ ಇದೆ, ವಿದ್ಯಾವಿಷಯಕ ಪರಿಷತ್ತು ಇದೆ. ಆದರೆ ನಾನು ಶಿರಸಿಯಲ್ಲಿ ಬಿಎಸ್ಸಿ ಓದುವಾಗ ಯಾರಾದರೂ ಸಿಂಡಿಕೇಟ್ ಅಂದಿದ್ದರೆ ಬ್ಯಾಂಕೇ ನೆನಪಾಗುತ್ತಿತ್ತು. ವಿದ್ಯಾರ್ಥಿ ಸಂಘದ ನೇರ ಚುನಾವಣೆ ಕರ್ನಾಟಕದಲ್ಲಿ ನಿಂತು ದಶಕಗಳೇ ಆದವು. ಚುನಾವಣೆ ಹೇಗೆ ನಡೆಸಬೇಕು ಅಂತ ಲಿಂಗ್ಡೊ ಸಮಿತಿ 2006ರಲ್ಲೇ ಹೇಳಿತ್ತು, ಸುಪ್ರೀಂ ಕೋರ್ಟೂ ಒಪ್ಪಿತ್ತು. ಗಲಾಟೆ, ಪಾರ್ಟಿ ರಾಜಕೀಯ ಬರುತ್ತದೆ ಎಂಬ ಹೆದರಿಕೆ ನಿಜವೇ. ಭಾವ ಹೊಡೆದಾಟ ಕಣ್ಣಾರೆ ಕಂಡವರು, ಚುನಾವಣೆ ಬೇಡವೇ ಬೇಡ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಚೀಟಿ ನಡುಗುತ್ತಾ ಮಾತಾಡಿದ ಆ ಹುಡುಗನ ಬೆನ್ನಿಗೆ ವಿದ್ಯಾರ್ಥಿಗಳ ಓಟು ಇದ್ದದ್ದರಿಂದಲೇ ಮೈಕು ಸಿಕ್ಕಿದ್ದು.

ಸದ್ಯ ನಮ್ಮಲ್ಲಿ ಹೊಸ ಪ್ರೊವೋಸ್ಟ್ ಹುಡುಕಾಟ ನಡೆದಿದೆ. ಸಮಿತಿಯಲ್ಲಿ ಅಧ್ಯಾಪಕರು, ಇಬ್ಬರು ವಿದ್ಯಾರ್ಥಿಗಳು, ಸ್ಟಾಫ್ ಕಡೆಯಿಂದ ಒಬ್ಬರು. ಮೂರು ಜನ ಕೊನೆಯ ಸುತ್ತಿಗೆ ಬಂದಿದ್ದಾರೆ. ಒಬ್ಬೊಬ್ಬರೂ ಎರಡು ದಿನ ಕ್ಯಾಂಪಸ್ಸಿಗೆ ಬಂದು, ಬಹಿರಂಗ ಸಭೆಯಲ್ಲಿ ಒಂದು ಗಂಟೆ ನಿಂತು ಯಾರು ಏನು ಕೇಳಿದರೂ ಉತ್ತರಿಸಬೇಕು. ಆಮೇಲೆ ಸಮಿತಿ ಮೂವರ ಬಗ್ಗೆಯೂ ಒಳ್ಳೆಯದು, ಕೆಟ್ಟದ್ದು ಎರಡನ್ನೂ ಬರೆದು ಪ್ರೆಸಿಡೆಂಟಿಗೆ ಕೊಡುತ್ತದೆ. ಒಂದು, ಎರಡು, ಮೂರು ಅಂತ ಸ್ಥಾನ ಹಾಕುವ ಹಾಗಿಲ್ಲ. ಆರಿಸುವುದು ಪ್ರೆಸಿಡೆಂಟ್.

ಸಭೆಯನ್ನು ನೇರವಾಗಿ ತೋರಿಸುತ್ತಾರೆ. ಲಿಂಕ್ ಕಳಿಸಿದ್ದಕ್ಕೆ ಭಾವ ಕುಮಟೆಯಲ್ಲಿ ರಾತ್ರಿ ಒಂದೂವರೆಗೆ ಎದ್ದು ಕೂತು ನೋಡಿದ್ದಾರೆ. ಎರಡನೆಯವರು ಬಹಳ ಚೆಂದ ಮಾತಾಡಿದರು, ಸಭೆಯಲ್ಲಿ ಚಪ್ಪಾಳೆಯೂ ಬಿತ್ತು. ಲೈಬ್ರರಿ ಬಜೆಟ್ ಬಗ್ಗೆ ನಾನೇ ಪ್ರಶ್ನೆ ಕೇಳಿದ್ದೆ. ಸಭೆ ಮುಗಿಯುವ ಮೊದಲೇ ಭಾವನ ಮೆಸೇಜ್ ಬಂತು: "ನಿನ್ನ ಪ್ರಶ್ನೆಗೆ ಅವ ಉತ್ರವೇ ಕೊಟ್ಟಿದ್ನಿಲ್ಲೆ." ಅಭಿಪ್ರಾಯದ ಫಾರಂ ತುಂಬಲು ಶುಕ್ರವಾರ ಕಡೆಯ ದಿನ. ನಾನು ತುಂಬಿ ಕಳಿಸಿದೆ. ಎರಡನೆಯವರ ಹೆಸರಿನ ಕೆಳಗೆ, ಮಾತು ಚೆನ್ನಾಗಿದೆ, ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ ಅಂತ ಬರೆದಿದ್ದೇನೆ.