ಅಪ್ಪನ ಸ್ಕ್ರೀನ್ ಮೇಲೆ ಎರಡೇ ಐಕಾನ್

"ಇಲ್ಲಿ ಎರಡು ಉಬುಂಟು ಇದೆಯಲ್ಲೋ, ಯಾವುದನ್ನ ಒತ್ತಲಿ?" ಅಪ್ಪ ಫೋನಿನಲ್ಲಿ ಹೀಗೆ ಕೇಳಿದ್ದು ಮೂರನೇ ಸಲ. ಅವರ ಲ್ಯಾಪ್‌ಟಾಪ್‌ಗೆ ವಿಂಡೋಸ್ ಜೊತೆ ಉಬುಂಟು ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿ, ಆನ್ ಮಾಡಿದಾಗ ಎರಡರಲ್ಲಿ ಒಂದನ್ನು ಆರಿಸಿಕೊಳ್ಳೋಕೆ ಮೆನು ತೋರಿಸುವ ರೀಫೈಂಡ್ ಬೂಟ್ ಮ್ಯಾನೇಜರ್ ಕೂರಿಸಿಕೊಟ್ಟವನು ನಾನೇ. ಈ ಸಲ ಊರಿಗೆ ಹೋದಾಗ ಪಕ್ಕದಲ್ಲೇ ಕೂತು ನೋಡಿದೆ.

ಲ್ಯಾಪ್‌ಟಾಪ್ ಆನ್ ಮಾಡಿದರೆ ಸಾಲಾಗಿ ಐದು ಐಕಾನ್. ಅಪ್ಪ ಕನ್ನಡಕ ತರಲು ಒಳಗೆ ಹೋದರು. ಬರುವಷ್ಟರಲ್ಲಿ 20 ಸೆಕೆಂಡ್ ಮುಗಿದು, ಅದರ ಪಾಡಿಗೆ ವಿಂಡೋಸ್ ಶುರುವಾಗಿತ್ತು. ದಿನಾ ಹೀಗೇ ಆಗುತ್ತಿತ್ತಂತೆ. ನನಗೆ ಹೇಳಿರಲೇ ಇಲ್ಲ.

ಉಬುಂಟುಗೆ ಹೋಗಿ, ಇಎಫ್‌ಐ ಪಾರ್ಟಿಷನ್‌ನಲ್ಲಿರುವ (ಕಂಪ್ಯೂಟರ್ ಶುರುವಾಗೋಕೆ ಬೇಕಾದ ಫೈಲುಗಳಿರುವ ಡಿಸ್ಕಿನ ಭಾಗ) ರೀಫೈಂಡ್ ಕಾನ್ಫ್ ಅನ್ನೋ ಸೆಟ್ಟಿಂಗ್ಸ್ ಫೈಲಿನ ಒಂದು ಕಾಪಿ ಎತ್ತಿಟ್ಟುಕೊಂಡೆ. ಮೊದಲು ಟೈಮ್‌ಔಟ್ 20 ಇದ್ದದ್ದನ್ನು 0 ಮಾಡಿದೆ. ಸೊನ್ನೆ ಅಂದರೆ ತಕ್ಷಣ ಶುರುವಾಗೋದಲ್ಲ, ನಾವು ಒತ್ತುವವರೆಗೆ ಕಾಯೋದು.

ಐಕಾನ್ ದೊಡ್ಡದು ಮಾಡೋಕೆ ರೆಸಲ್ಯೂಷನ್ ಇಳಿಸಿದರಾಯ್ತು ಅಂದುಕೊಂಡು 1280 720 ಎಂದು ಬರೆದೆ. ಆ ಅಳತೆ ಇಲ್ಲ ಅಂತ ಹೇಳಿ, ಯಾವ್ಯಾವುದು ಇದೆ ಅನ್ನೋ ಪಟ್ಟಿಯನ್ನು ರೀಫೈಂಡೇ ತೋರಿಸಿತು. 800 600 ಹಾಕಿದೆ. ಐಕಾನ್ ದೊಡ್ಡದಾಯಿತು, ಆದರೆ ಅಕ್ಷರ ಎಲ್ಲಾ ಮಸುಕು. ಆ ಸಾಲು ತೆಗೆದು, ಬಿಗ್ ಐಕಾನ್ ಸೈಜ್ 128 ಇದ್ದದ್ದನ್ನು 256 ಮಾಡಿದೆ. ನಾನು ಮೊದಲೇ ಮಾಡಬೇಕಿದ್ದದ್ದು ಇದನ್ನೇ.

ಇನ್ನು ಎರಡು ಉಬುಂಟು. ಒಂದು, ಉಬುಂಟು ಜೊತೆಗೇ ಬರುವ ಗ್ರಬ್ ಅನ್ನೋ ಬೂಟ್ ಪ್ರೋಗ್ರಾಂ ಮೂಲಕ ಹೋಗುವ ದಾರಿ. ಇನ್ನೊಂದು, ಉಬುಂಟುವಿನದೇ ಬೂಟ್ ಫೋಲ್ಡರಿನಲ್ಲಿರುವ ಕರ್ನಲ್ ಅನ್ನು, ಅಂದರೆ ಅದರ ಮೂಲ ಪ್ರೋಗ್ರಾಂ ಅನ್ನು, ರೀಫೈಂಡ್ ತಾನೇ ಹುಡುಕಿಕೊಂಡದ್ದು. ಹೋಗಿ ಸೇರೋದು ಒಂದೇ ಕಡೆ. ಗ್ರಬ್ ದಾರಿಯಲ್ಲಿ ಮತ್ತೊಂದು ಮೆನು ಎದುರಾಗುತ್ತಿತ್ತು, ಅದು ಅಪ್ಪನಿಗೆ ಸುಮ್ನೆ ಗೊಂದಲ. ಕರ್ನಲ್ ಐಕಾನ್‌ನಿಂದ ಸರಿಯಾಗಿ ಬೂಟ್ ಆಗುತ್ತೆ ಅಂತ ಖಾತ್ರಿ ಮಾಡಿಕೊಂಡು, ಯಾವ ಫೋಲ್ಡರುಗಳಲ್ಲಿ ಹುಡುಕಬಾರದು ಅಂತ ಹೇಳುವ ಡೋಂಟ್ ಸ್ಕ್ಯಾನ್ ಡಿರ್ಸ್ ಸಾಲಿಗೆ ಇಎಫ್‌ಐ ಒಳಗಿನ ಉಬುಂಟು ಫೋಲ್ಡರ್ (ಗ್ರಬ್ ಇರೋದು ಇಲ್ಲೇ) ಸೇರಿಸಿದೆ. ಇಎಫ್‌ಐ ಒಳಗೇ ಅದರ ಪಕ್ಕದಲ್ಲಿರುವ ಬೇರೆ ಬೂಟ್ ಫೋಲ್ಡರನ್ನೂ ಸೇರಿಸಿದೆ, ನಾಲ್ಕನೇ ಐಕಾನ್ ಬರುತ್ತಿದ್ದದ್ದು ಅಲ್ಲಿಂದ. ಇದರಿಂದ ಏನೂ ಅಳಿಸಿಹೋಗೋದಿಲ್ಲ, ಮೆನುವಿನಲ್ಲಿ ಕಾಣೋದಿಲ್ಲ ಅಷ್ಟೇ.

ಐದನೆಯದು ಯುಎಸ್‌ಬಿ ಡಿಸ್ಕಿನದು. ಅಪ್ಪ ಫೋಟೋ ಇಡುವ ಆ ಡಿಸ್ಕಿನಲ್ಲಿ ನನ್ನ ಹಳೇ ಲಿನಕ್ಸ್ ಉಳಿದುಕೊಂಡಿತ್ತು. ಯಾವ ಡಿಸ್ಕುಗಳಲ್ಲಿ ಹುಡುಕಬೇಕು ಅಂತ ಹೇಳುವ ಸ್ಕ್ಯಾನ್‌ಫಾರ್ ಸಾಲಿನಲ್ಲಿ ಇಂಟರ್ನಲ್ ಒಂದನ್ನೇ ಉಳಿಸಿದೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡೋ ದಿನ ಎಕ್ಸ್‌ಟರ್ನಲ್ ವಾಪಸ್ ಸೇರಿಸಬೇಕು. ಮರೆಯದಿರಲಿ ಅಂತ ಆ ಸಾಲಿನ ಮೇಲೇ ಬರೆದಿಟ್ಟೆ.

ರೀಸ್ಟಾರ್ಟ್ ಮಾಡಿದೆ. ಎರಡು ದೊಡ್ಡ ಐಕಾನ್, ಕೆಳಗೆ ಹೆಸರು. ಕನ್ನಡಕ ಇನ್ನೂ ಅಪ್ಪನ ಜೇಬಿನಲ್ಲೇ ಇತ್ತು. ಬಲಗಡೆ ಬಾಣದ ಕೀ ಒಂದು ಸಲ ಒತ್ತಿ, ನನ್ನ ಮುಖ ನೋಡದೆ ಎಂಟರ್ ಹೊಡೆದರು.