ಚಿಕ್ಕ ಅಲಗು ಕಸಿಗೆ ಮಾತ್ರ

ಹೋದ ವರ್ಷ ಆಷಾಢದ ಮಳೆಯಲ್ಲಿ, ಕೊಟ್ಟಿಗೆಯ ಮಾಡಿನಡಿ ಕೂತು ಉಪ್ಪಿನಕಾಯಿಯ ಮಾವು ಅಪ್ಪೆಮಿಡಿಯ ಸಸಿಗಳಿಗೆ ಕಸಿ ಕಟ್ಟುತ್ತಿದ್ದೆ. ಚಾಕಿನ ಹಿಡಿಯೊಳಗೆ ಟಿಕ್ ಅಂತ ಸಣ್ಣ ಸದ್ದಾಯಿತು. ಸ್ಪ್ರಿಂಗ್ ಮುರಿದಿತ್ತು. ಚಿಕ್ಕ ಅಲಗು ಕೀಲಿನಲ್ಲಿ ಸಡಿಲವಾಗಿ ಅತ್ತಿತ್ತ ಆಡತೊಡಗಿತು. ಅವತ್ತು ಕಡಿದು ತಂದ ಕಡ್ಡಿಗಳಲ್ಲಿ ಅರ್ಧ ಹಾಗೇ ಬಾಡಿದವು.

ಅದು ಮಾವಯ್ಯನ ಚಾಕು. ನಾನು ಮದುವೆಯಾಗಿ ಶಿರಸಿ ಕಡೆಯ ಈ ಮನೆಗೆ ಬಂದಾಗ ಅವರ ಎಲೆಸಂಚಿಯಲ್ಲಿ ಅಡಕತ್ತರಿಯ ಜೊತೆಗೆ ಇರುತ್ತಿತ್ತು. ಕೊಂಬಿನ ಹಿಡಿ, ಒಂದೇ ತುದಿಯಲ್ಲಿ ಮಡಚಿಕೊಳ್ಳುವ ಎರಡು ಅಲಗು, ಒಂದು ದೊಡ್ಡದು, ಒಂದು ಚಿಕ್ಕದು. ನನಗೆ ಕಸಿ ಕಲಿಸಿದವರೂ ಅವರೇ. ಮೊದಲ ದಿನ ಪ್ಲಾಸ್ಟಿಕ್ ಪಟ್ಟಿ ತುಂಡು ಮಾಡಲು ಚಿಕ್ಕ ಅಲಗು ಬಿಚ್ಚಿದ್ದೆ. "ತಂಗೀ, ಅದ್ರಲ್ಲಿ ಕೊಯ್ಯಡ. ಅದು ಕಸಿಗೆ ಮಾತ್ರ" ಅಂದರು. ಹಗ್ಗ, ಗೊಬ್ಬರದ ಚೀಲ, ಬಾಳೆನಾರು ಎಲ್ಲಕ್ಕೂ ದೊಡ್ಡದು. ಚಿಕ್ಕದು ಜೀವ ಇರುವ ಕಡ್ಡಿಯನ್ನು ಬಿಟ್ಟು ಬೇರೇನನ್ನೂ ಮುಟ್ಟುವ ಹಾಗಿಲ್ಲ.

ಯಾಕೆ ಅಂತ ಅರ್ಥವಾಗಲು ನನಗೆ ಎರಡು ಮಳೆಗಾಲ ಬೇಕಾಯಿತು. ಮಾವಿಗೆ ನಾವು ಮಾಡುವುದು ಮೃದುಕಾಂಡ ಕಸಿ. ಎಳೆ ಸಸಿಯ ತಲೆ ಕತ್ತರಿಸಿ, ಕಾಂಡವನ್ನು ನಡುವೆ ಮೂರು ನಾಲ್ಕು ಸೆಂಟಿಮೀಟರ್ ಸೀಳಬೇಕು. ಒಳ್ಳೆ ಮರದಿಂದ ತಂದ ಕಡ್ಡಿಯ ಬುಡವನ್ನು ಅಷ್ಟೇ ಉದ್ದಕ್ಕೆ ಎರಡೂ ಬದಿ ಕೆತ್ತಿ, ಬೆಣೆ ಮಾಡಿ ಅದರೊಳಗೆ ಕೂರಿಸಬೇಕು. ತೊಗಟೆಯ ಕೆಳಗಿನ ಹಸಿರು ಪದರ ಸಸಿಯದ್ದೂ ಕಡ್ಡಿಯದ್ದೂ ಒಂದಕ್ಕೊಂದು ತಾಗಿದರೆ ಮಾತ್ರ ಕೂಡಿಕೊಳ್ಳುತ್ತದೆ. ಕೆತ್ತಿದ ಮೈ ಒಂದೇ ಎಳೆತಕ್ಕೆ ಕನ್ನಡಿಯ ಹಾಗೆ ಸಪಾಟಾಗಿ ಬರಬೇಕು. ಅಲಗಿನ ಬಾಯಲ್ಲಿ ಕೂದಲೆಳೆಯಷ್ಟು ಮುಕ್ಕಿದ್ದರೂ ಕಡ್ಡಿಯ ಮೇಲೆ ಗೀರು ಬೀಳುತ್ತದೆ. ಆ ಸಂದಿಯಲ್ಲಿ ಗಾಳಿ ನಿಂತು ಕಡ್ಡಿ ಒಣಗುತ್ತದೆ. ಮಣ್ಣು ಮೆತ್ತಿದ ಒಂದು ಸುತಳಿ ಕೊಯ್ದರೆ ಸಾಕು, ಅಂಥ ಮುಕ್ಕು ಬಂದೇ ಬರುತ್ತದೆ.

ಹಾಗಾಗಿ ಎರಡು ಅಲಗಿನ ಒಳ್ಳೆ ಚಾಕು ಹುಡುಕಲು ಹೊರಟೆ. ಶಿರಸಿ ಪೇಟೆಯಲ್ಲಿ ಸಿಕ್ಕಿದ್ದು ಪ್ಲಾಸ್ಟಿಕ್ ಹಿಡಿಯ ಒಂಟಿ ಅಲಗಿನವು. ನಮ್ಮೂರ ಆಚಾರಿ ಕತ್ತಿ, ಕೊಡಲಿಗೆ ಎಂಥ ಹದ ಬೇಕಾದರೂ ಕೊಡುತ್ತಾರೆ. ಆದರೆ ಈ ಸ್ಪ್ರಿಂಗ್ ನೋಡಿ "ಇದು ನನ್ನ ಕೈಲಿ ಆಗೋದಲ್ಲ ಅಮ್ಮ" ಅಂತ ನೇರವಾಗಿ ಹೇಳಿದರು. ಆನ್‌ಲೈನಲ್ಲಿ ತರಿಸಿದ್ದು ನೋಡಲು ಬಹಳ ಚೆಂದ. ಅಲಗಿನ ತುಂಬ ನೀರಿನಲೆಯ ಹಾಗಿನ ಡಮಾಸ್ಕಸ್ ಗೆರೆಗಳು, ಉಕ್ಕಿನ ಪದರಗಳನ್ನು ಬೆಸೆದಾಗ ಬರುವಂಥವು. ಎರಡು ದಿನ ಮಾವಿನ ಸೊನೆ ತಾಗಿ, ಒರೆಸಿ, ಕಲ್ಲಿಗೆ ಹಿಡಿದಾಗ ಗೆರೆಗಳೆಲ್ಲ ಮಾಸಿಹೋದವು. ಬರೀ ಮೇಲೆ ಬಿಡಿಸಿದ್ದ ಚಿತ್ತಾರ! ಸಾವಿರದ ಇನ್ನೂರು ರೂಪಾಯಿ ಹೋದದ್ದಕ್ಕಿಂತ, ಆ ಅಲಗಲ್ಲಿ ಕಟ್ಟಿದ ಹದಿನೆಂಟು ಸಸಿಗಳಲ್ಲಿ ಮೂರೇ ಚಿಗುರಿದ್ದು ನನಗೆ ಹೆಚ್ಚು ಸಂಕಟ ತಂದಿತು.

ಭಾವನ ಮಗ ವಿಕ್ಟೋರಿನಾಕ್ಸ್ ಸ್ಪಾರ್ಟನ್ ಅನ್ನುವ ಸ್ವಿಸ್ ಮಡಚು ಚಾಕು ತಂದುಕೊಟ್ಟು, ನೋಡಿ ಅತ್ತೆ ಅಂದ. ಮಡಚಿದರೆ 91 ಮಿಲಿಮೀಟರ್, ದೊಡ್ಡ ಅಲಗು, ಚಿಕ್ಕ ಅಲಗು ಎರಡೂ ಇವೆ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1897ರಲ್ಲಿ ಮಾಡಿದ ಸೇನಾಧಿಕಾರಿಗಳ ಚಾಕಿನಿಂದಲೇ ಆ ಎರಡನೆಯ ಚಿಕ್ಕ ಅಲಗು ಬಂದದ್ದು. ಹಿಡಿಯ ಎರಡೂ ಬದಿಯ ಸಲಕರಣೆಗಳನ್ನು ಒಂದೇ ಸ್ಪ್ರಿಂಗಿನಲ್ಲಿ ನಿಲ್ಲಿಸಿದ್ದು ಅವರ ಜಾಣತನ. ಮನೆಬಳಕೆಗೆ ಯಾರಾದರೂ ಕೇಳಿದರೆ ನಾನು ಕಣ್ಣುಮುಚ್ಚಿ ಅದನ್ನೇ ಹೇಳುತ್ತೇನೆ. ತುಕ್ಕು ಹಿಡಿಯುವುದಿಲ್ಲ, ಬಾಯಿ ಬೇಗ ಮಸೆದು ಬರುತ್ತದೆ. ಆದರೆ ದಿನಕ್ಕೆ ನೂರು ಕಸಿ ಕಟ್ಟುವ ಕೈಗೆ ಅದರ ಹಿಂಬದಿಯ ಕಾರ್ಕ್ ತೆಗೆಯುವ ಸುರುಳಿ ಅಂಗೈಗೆ ಒತ್ತುತ್ತದೆ. ಮೂವತ್ತು ಸಸಿ ಕಟ್ಟುವಷ್ಟರಲ್ಲಿ ನನ್ನ ಅಂಗೈ ಕೆಂಪಾಯಿತು. ವಾಪಸ್ಸು ಕೊಟ್ಟೆ.

ಕೊನೆಗೆ ಸಿಕ್ಕಿದ್ದು ಬೆಂಗಳೂರಿನಲ್ಲಿ. ಮದುವೆಗೆಂದು ಹೋದವಳು, ಬೆಳಿಗ್ಗೆಯೇ ಎದ್ದು ಚಿಕ್ಕಪೇಟೆ ಕಡೆಯ ಸಂಡೇ ಬಜಾರಿಗೆ ಹೋದೆ. ಹಳೇ ನಲ್ಲಿ, ಗಡಿಯಾರ, ಸ್ಪಾನರುಗಳ ರಾಶಿಯಲ್ಲಿ ಮೂಳೆ ಹಿಡಿಯ ಒಂದು ಚಾಕು ತುಕ್ಕು ಹಿಡಿದು ಬಿದ್ದಿತ್ತು. ದೊಡ್ಡ ಅಲಗಿನ ಬುಡದಲ್ಲಿ, ಚಾಕುಗಳಿಗೆ ಹೆಸರಾದ ಇಂಗ್ಲೆಂಡಿನ ಊರು ಶೆಫೀಲ್ಡ್ ಅನ್ನುವ ಅಕ್ಷರಗಳು ಮಾತ್ರ ಓದಲು ಬರುತ್ತಿದ್ದವು. ಮಾಡಿದವರ ಹೆಸರು ಸವೆದುಹೋಗಿತ್ತು.

ತುಕ್ಕು ನೋಡಿ ನಾನು ಹೆದರಲಿಲ್ಲ, ಮೇಲಿನದ್ದಾದರೆ ಉಜ್ಜಿದರೆ ಹೋಗುತ್ತದೆ. ನಾನು ನೋಡಿದ್ದು ಕೀಲನ್ನು. ಅಲಗು ಪೂರ್ತಿ ಬಿಚ್ಚಿ, ತುದಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದೆ. ಕದಲಲಿಲ್ಲ. ಬೆನ್ನನ್ನು ಬೆಳಕಿಗೆ ಹಿಡಿದೆ. ಅಲಗಿಗೂ ಸ್ಪ್ರಿಂಗಿಗೂ ನಡುವೆ ಬೆಳಕು ತೂರಲಿಲ್ಲ. ಮಡಚುವಾಗ ಕೊನೆಯಲ್ಲಿ ಸ್ಪ್ರಿಂಗ್ ತಾನೇ ಎಳೆದುಕೊಂಡು ಟಪ್ ಅಂತ ಕೂತಿತು. ಆ ಸದ್ದು ಕೇಳಿದಾಗ ಮಾವಯ್ಯನ ಜಗಲಿಯಲ್ಲೇ ಕೂತ ಹಾಗಾಯಿತು. ಎರಡೂ ಅಲಗು ಒಂದಕ್ಕೊಂದು ಉಜ್ಜದೆ ಒಳಗೆ ಹೋದವು. ಎಲ್ಲಕ್ಕಿಂತ ಮುಖ್ಯ, ಅಲಗಿಗೊಂದರಂತೆ ಎರಡು ಸ್ಪ್ರಿಂಗ್ ಇದ್ದವು. ಹಿಡಿ ಸ್ವಲ್ಪ ದಪ್ಪವಾಗುತ್ತದೆ ನಿಜ. ಆದರೆ ಒಂದು ಮುರಿದರೆ ಇನ್ನೊಂದಾದರೂ ಉಳಿಯುತ್ತದೆ ಅನ್ನುವುದನ್ನು ಆಗಲೇ ಕಲಿತಿದ್ದೆ. ಎಂಟುನೂರು ಹೇಳಿದ, ಆರುನೂರಕ್ಕೆ ಕೊಟ್ಟ.

ಮನೆಗೆ ತಂದು ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಹಾಕಿದೆ. ಕೀಲಿನಿಂದ ಯಾರದೋ ಎಷ್ಟೋ ವರ್ಷದ ಕಪ್ಪು ಜಿಡ್ಡು ಇಳಿಯಿತು. ಆಮೇಲೆ ಕೀಲಿಗೆ ಹೊಲಿಗೆ ಮಷಿನ್ನಿನ ಎಣ್ಣೆ ಎರಡು ಹನಿ. ಕೀಲಿಗೆ ಕೊಬ್ಬರಿ ಎಣ್ಣೆ ಹಾಕಬೇಡಿ, ದಿನ ಕಳೆದರೆ ಅಂಟಾಗುತ್ತದೆ. ಚಿಕ್ಕ ಅಲಗಿನ ಬಾಯಿ ಎರಡೂ ಕಡೆ ಇಳಿಜಾರಾಗಿತ್ತು. ಕಸಿಗೆ ಒಂದು ಕಡೆ ಪೂರ್ತಿ ಚಪ್ಪಟೆ ಇರಬೇಕು. ಆ ಚಪ್ಪಟೆ ಮೈ ಕಡ್ಡಿಗೆ ಒರಗಿಕೊಂಡು ಜಾರಿದರೇ ಬೆಣೆ ನೇರವಾಗುವುದು. ಮೂರು ಸಂಜೆ ಮಸೆಗಲ್ಲಿನ ಮೇಲೆ ನೀರು ಹಾಕಿಕೊಂಡು ಒಂದೇ ಬದಿ ಉಜ್ಜಿದೆ. ಇಂಗ್ಲಿಷಿನಲ್ಲಿ ಇಂಥ ಚಾಕಿಗೆ ಪೆನ್‌ನೈಫ್ ಅನ್ನುವುದು ಹಿಂದೆ ಹಕ್ಕಿಗರಿಯ ಲೇಖನಿಯ ಮೊನೆ ಕೊರೆಯುತ್ತಿದ್ದುದರಿಂದಂತೆ. ಕಲ್ಲಿನ ಮುಂದೆ ಕೂತಾಗೆಲ್ಲ ಗರಿಯಲ್ಲಿ ಬರೆಯುತ್ತಿದ್ದ ಅವರೂ ತಮ್ಮ ಅಲಗನ್ನು ಹೀಗೇ ಬೇರೆಯವರ ಕೈಗೆ ಕೊಡದೆ ಕಾಯುತ್ತಿದ್ದಿರಬೇಕು ಅನ್ನಿಸುತ್ತಿತ್ತು.

ಇದು ಸ್ಟೇನ್‌ಲೆಸ್ ಅಲ್ಲ, ಸೊನೆ ತಾಗಿದರೆ ಕಪ್ಪಾಗುತ್ತದೆ. ಹತ್ತು ಸಸಿಗೊಮ್ಮೆ ಒದ್ದೆ ಬಟ್ಟೆಯಲ್ಲಿ, ಮತ್ತೆ ಒಣಬಟ್ಟೆಯಲ್ಲಿ ಒರೆಸುತ್ತೇನೆ.

ಈ ಮಳೆಗಾಲ ಅದರಲ್ಲಿ ಮೊದಲಿಗೆ ಕಟ್ಟಿದ್ದು ಅರವತ್ತು ಸಸಿ. ಮೂರು ವಾರಕ್ಕೆ ಕಸಿಯ ಮೇಲೆ ಹಾಕಿದ್ದ ಪ್ಲಾಸ್ಟಿಕ್ ಟೋಪಿಯೊಳಗೆ ತಾಮ್ರದ ಬಣ್ಣದ ಚಿಗುರು ಕಾಣಿಸಿಕೊಂಡಿತು. ಎಣಿಸಿದರೆ ನಲವತ್ತೇಳು. ಉಳಿದವುಗಳಲ್ಲಿ ಏಳೆಂಟಕ್ಕೆ ಕಡ್ಡಿಯೇ ಬಲಿತಿತ್ತು, ಚಾಕನ್ನು ದೂರುವ ಹಾಗಿಲ್ಲ.

ಹಳೇ ಚಾಕನ್ನು ಬಿಸಾಡಿಲ್ಲ. ಅದರ ದೊಡ್ಡ ಅಲಗಿನ ಸ್ಪ್ರಿಂಗ್ ಇನ್ನೂ ಗಟ್ಟಿ ಇದೆ. ಮಾವಯ್ಯ ಅದನ್ನು ಮತ್ತೆ ಎಲೆಸಂಚಿಗೆ ಹಾಕಿಕೊಂಡಿದ್ದಾರೆ, ವೀಳ್ಯದೆಲೆಯ ತೊಟ್ಟು ಕೊಯ್ಯಲು.